ದಿದಿಯೆ ಕಿಯೊ: ಮೊಬೈಲ್ ಕಂಪನಿಯಿಂದ ಫ್ರೆಂಚ್ ಫುಟ್‌ಬಾಲ್ ಲೀಗ್‌ವರೆಗೆ – ಪದೇ ಪದೇ ಕೇಳುವ ಪ್ರಶ್ನೆಗಳು

ದಿದಿಯೆ ಕಿಯೊ ಯಾರು? ಅವರ ಬಗ್ಗೆ ಇಷ್ಟೊಂದು ಚರ್ಚೆ ಏಕೆ?

ದಿದಿಯೆ ಕಿಯೊ ಫ್ರಾನ್ಸಿನ ಉದ್ಯಮ ಕಾರ್ಯನಿರ್ವಾಹಕರು. ಅವರ ವೃತ್ತಿಜೀವನದಲ್ಲಿ ಮೂರು ಮುಖ್ಯ ಘಟ್ಟಗಳಿವೆ. ಮೊದಲನೆಯದು ದೂರಸಂಪರ್ಕ, ಅಂದರೆ ಫ್ರಾನ್ಸ್ ಟೆಲಿಕಾಂ ಸಮೂಹದ ಮೊಬೈಲ್ ಕಂಪನಿಯಾದ ಆರೆಂಜ್ ಫ್ರಾನ್ಸ್‌ನ ಮುಖ್ಯಸ್ಥರಾಗಿದ್ದ ಕಾಲ. ಎರಡನೆಯದು ಪತ್ರಿಕೆ, ರೇಡಿಯೊ ಮತ್ತು ಟಿವಿ ವ್ಯವಹಾರಗಳನ್ನು ನಡೆಸುತ್ತಿದ್ದ ಲಗಾರ್ಡೇರ್ ಆಕ್ಟಿವ್. ಮೂರನೆಯದು ವೃತ್ತಿಪರ ಫುಟ್‌ಬಾಲ್ ಲೀಗ್, ಅಂದರೆ ಎಲ್‌ಎಫ್‌ಪಿ. ಅಲ್ಲಿ ಅವರು 2016ರಿಂದ 2020ರವರೆಗೆ ಕಾರ್ಯನಿರ್ವಾಹಕ ಮಹಾನಿರ್ದೇಶಕರಾಗಿದ್ದರು.

ಫುಟ್‌ಬಾಲ್ ನೋಡುವ ಸಾಮಾನ್ಯ ಅಭಿಮಾನಿಗೆ ಲೀಗಿನ ಕಚೇರಿಯಲ್ಲಿ ಕೂರುವ ಅಧಿಕಾರಿಯ ಹೆಸರು ಗೊತ್ತಿರುವುದು ಅಪರೂಪ. ಕಿಯೊ ಅವರ ಹೆಸರು ಎಲ್ಲರ ಬಾಯಿಗೆ ಬಂದದ್ದು ಒಂದೇ ಒಂದು ವ್ಯವಹಾರದಿಂದ. ಫ್ರಾನ್ಸಿನ ಅತ್ಯುನ್ನತ ದರ್ಜೆಯ ಟೂರ್ನಿಯಾದ ಲೀಗ್ 1ರ ಟಿವಿ ಹಕ್ಕುಗಳು ಮೊದಲ ಬಾರಿಗೆ ವರ್ಷಕ್ಕೆ 100 ಕೋಟಿ ಯೂರೊ ದಾಟಿದ್ದು 2018ರ ಮೇ 29ರಂದು, ಅವರ ಅವಧಿಯಲ್ಲಿ. ಆ ಮೊತ್ತದ ಬಹುಪಾಲನ್ನು ಕೊಡಬೇಕಿದ್ದ ಸ್ಪೇನಿನ ಮೀಡಿಯಾಪ್ರೊ ಕಂಪನಿ, ಒಪ್ಪಂದ ಜಾರಿಗೆ ಬಂದ ಕೆಲವೇ ವಾರಗಳಲ್ಲಿ ಕಂತು ಕಟ್ಟಲಾಗದೆ ಕೈಚೆಲ್ಲಿತು. ಫ್ರೆಂಚ್ ಫುಟ್‌ಬಾಲ್ ಇಂದಿಗೂ ಆ ಏಟಿನಿಂದ ಪೂರ್ತಿ ಚೇತರಿಸಿಕೊಂಡಿಲ್ಲ. ಹೀಗಾಗಿ ಅವರ ವೃತ್ತಿಜೀವನವನ್ನು ಓದುವುದೆಂದರೆ ಕ್ರೀಡೆಯ ಹಣ ಎಲ್ಲಿಂದ ಬರುತ್ತದೆ, ಯಾರ ಮಾತಿನ ಮೇಲೆ ನಿಂತಿರುತ್ತದೆ ಎಂಬುದನ್ನು ಓದಿದಂತೆಯೇ ಸರಿ.

ಅವರು ಆರೆಂಜ್ ಫ್ರಾನ್ಸ್ ನಡೆಸುತ್ತಿದ್ದಾಗ ಅಲ್ಲಿನ ಮೊಬೈಲ್ ಮಾರುಕಟ್ಟೆ ಹೇಗಿತ್ತು?

ಫ್ರಾನ್ಸ್ ಟೆಲಿಕಾಂ ತನ್ನ ಜಿಎಸ್‌ಎಂ (ಡಿಜಿಟಲ್ ಮೊಬೈಲ್) ಸೇವೆಯನ್ನು 1992ರಲ್ಲಿ ಇಟಿನೆರಿಸ್ ಎಂಬ ಹೆಸರಿನಲ್ಲಿ ಆರಂಭಿಸಿತ್ತು. 2000ದಲ್ಲಿ ಅದು ಬ್ರಿಟನ್ನಿನ ಆರೆಂಜ್ ಕಂಪನಿಯನ್ನು ಭಾರಿ ಬೆಲೆಗೆ ಕೊಂಡಿತು. ಮರುವರ್ಷ ಇಟಿನೆರಿಸ್ ಮತ್ತಿತರ ಹಳೆಯ ಹೆಸರುಗಳನ್ನೆಲ್ಲ ಕೈಬಿಟ್ಟು ಫ್ರಾನ್ಸಿನ ಮೊಬೈಲ್ ವ್ಯವಹಾರವನ್ನೂ ಆರೆಂಜ್ ಎಂದೇ ಕರೆಯಿತು. ಆಗ ಅಲ್ಲಿದ್ದದ್ದು ಮೂರೇ ಕಂಪನಿಗಳು: ಆರೆಂಜ್, ಎಸ್‌ಎಫ್‌ಆರ್ ಮತ್ತು ಬೂಯಿಗ್ ಟೆಲಿಕಾಂ. ನಾಲ್ಕನೆಯದಾದ ಫ್ರೀ ಮೊಬೈಲ್ ಮಾರುಕಟ್ಟೆಗೆ ಇಳಿದದ್ದು 2012ರ ಜನವರಿಯಲ್ಲಿ.

ಕಿಯೊ ಆರೆಂಜ್ ಫ್ರಾನ್ಸ್‌ನ ಚುಕ್ಕಾಣಿ ಹಿಡಿದದ್ದು 2000ದ ದಶಕದ ಮೊದಲ ಭಾಗದಲ್ಲಿ. ಹೊಸ ಗ್ರಾಹಕರು ಸಿಗುವ ವೇಗ ಆಗ ತಗ್ಗುತ್ತಿತ್ತು. ಇರುವ ಗ್ರಾಹಕ ಬೇರೆಡೆಗೆ ಹೋಗದಂತೆ ನೋಡಿಕೊಳ್ಳುವುದು ಮತ್ತು ಅವನಿಂದ ತಿಂಗಳಿಗೆ ಒಂದಿಷ್ಟು ಹೆಚ್ಚು ಆದಾಯ ಪಡೆಯುವುದು ಕಂಪನಿಗಳ ಗುರಿಯಾಗಿತ್ತು. 2004ರ ಕೊನೆಯ ಹೊತ್ತಿಗೆ 3ಜಿ ಸೇವೆ ಬಂದಾಗ, ಅಷ್ಟು ದುಡ್ಡು ಸುರಿದು ಕಟ್ಟಿದ ಜಾಲದ ಮೇಲೆ ಜನರಿಗೆ ಏನನ್ನು ತೋರಿಸುವುದು ಎಂಬ ಪ್ರಶ್ನೆ ಎದುರಾಯಿತು. ಮೊದಲು ಹೊಳೆದ ಉತ್ತರಗಳಲ್ಲಿ ಫುಟ್‌ಬಾಲ್ ಒಂದು.

ಹಾಗಾದರೆ ಫುಟ್‌ಬಾಲ್ ಜೊತೆಗಿನ ನಂಟು ಟೆಲಿಕಾಂ ದಿನಗಳಲ್ಲೇ ಶುರುವಾಯಿತೇ?

ಹೌದು, ಕಂಪನಿಯ ಮಟ್ಟದಲ್ಲಿ. 2002ರಲ್ಲಿ ಆರೆಂಜ್ ಕಂಪನಿಯು ಲೀಗಿನ ಹೆಸರಿನ ಪ್ರಾಯೋಜಕತ್ವ ಪಡೆಯಿತು. 2008ರವರೆಗೆ ಫ್ರಾನ್ಸಿನ ಅತ್ಯುನ್ನತ ದರ್ಜೆಯ ಟೂರ್ನಿಯ ಅಧಿಕೃತ ಹೆಸರು ‘ಲೀಗ್ 1 ಆರೆಂಜ್’ ಎಂದೇ ಇತ್ತು. ಪಂದ್ಯಗಳ ದೃಶ್ಯಗಳನ್ನು ಮೊಬೈಲ್‌ನಲ್ಲಿ ತೋರಿಸುವ ಹಕ್ಕನ್ನೂ ಕಂಪನಿ ಕೊಂಡಿತು. ಇಂದಿನ ಕಣ್ಣಿಗೆ ಆ ಪುಟ್ಟ ಪರದೆಯ ಮಸುಕು ದೃಶ್ಯ ಕ್ಷುಲ್ಲಕವಾಗಿ ಕಾಣಬಹುದು. ಆದರೆ ಗೋಲುಗಳ ತುಣುಕನ್ನು ಫೋನಿನಲ್ಲಿ ನೋಡಲು ಜನ ದುಡ್ಡು ಕೊಡುತ್ತಾರೆ ಎಂಬ ಎಣಿಕೆ ಆಗಲೇ ಬೇರೂರಿತ್ತು. ಅದೇ ಬಗೆಯ ಹಕ್ಕನ್ನು 2018ರಲ್ಲಿ ಫ್ರೀ ಕಂಪನಿ ಕೊಂಡಾಗ ಲೀಗಿನ ಕಡೆಯಿಂದ ಮಾರಾಟಕ್ಕೆ ಕುಳಿತಿದ್ದವರು ಇದೇ ಕಿಯೊ.

ಅವರು ಆರೆಂಜ್ ಬಿಟ್ಟ ಮೇಲೆ, 2008ರಲ್ಲಿ, ಕಂಪನಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಶನಿವಾರ ಸಂಜೆಯ ಪಂದ್ಯ ಮತ್ತು ಇತರ ಕೆಲವು ಹಕ್ಕುಗಳಿಗೆ ವರ್ಷಕ್ಕೆ 20.3 ಕೋಟಿ ಯೂರೊ ಕೊಟ್ಟು ತನ್ನದೇ ಕ್ರೀಡಾ ಚಾನೆಲ್ ತೆರೆಯಿತು. 2012ರಲ್ಲಿ ಆ ಸಾಹಸವನ್ನು ಮುಚ್ಚಿತು. ಟೆಲಿಕಾಂ ಕಂಪನಿಯೇ ಕ್ರೀಡಾ ಪ್ರಸಾರಕನಾಗುವುದು ಎಷ್ಟು ದುಬಾರಿ ಎಂಬ ಪಾಠ ಫ್ರಾನ್ಸಿಗೆ ಆಗಲೇ ಸಿಕ್ಕಿತ್ತು. 2016ರಿಂದ ಎಸ್‌ಎಫ್‌ಆರ್ ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಮತ್ತು ಆ ನಂತರ ಚಾಂಪಿಯನ್ಸ್ ಲೀಗ್ ಹಕ್ಕುಗಳನ್ನು ಕೊಂಡು ಅದೇ ಪಾಠವನ್ನು ಮತ್ತೊಮ್ಮೆ ಕಲಿಯಿತು.

ಆ ಕಾಲದಲ್ಲಿ ಮೊಬೈಲ್ ಕಂಪನಿಗಳಿಗೆ ದಂಡ ಬಿದ್ದಿತ್ತಲ್ಲವೇ?

ಬಿದ್ದಿತ್ತು. 2005ರಲ್ಲಿ ಫ್ರಾನ್ಸಿನ ಸ್ಪರ್ಧಾ ಮಂಡಳಿಯು ಮೂರೂ ಕಂಪನಿಗಳಿಗೆ ಸೇರಿ 53.4 ಕೋಟಿ ಯೂರೊ ದಂಡ ಹಾಕಿತು. ಅದರಲ್ಲಿ ಆರೆಂಜ್ ಫ್ರಾನ್ಸ್‌ನ ಪಾಲು 25.6 ಕೋಟಿ. ಕಂಪನಿಗಳು 1997ರಿಂದ 2003ರವರೆಗೆ ಗುಟ್ಟಾಗಿ ಮಾಹಿತಿ ಹಂಚಿಕೊಂಡವು, 2000ದಿಂದ 2002ರ ನಡುವೆ ಮಾರುಕಟ್ಟೆ ಪಾಲನ್ನು ಸ್ಥಿರವಾಗಿಡಲು ಒಳಒಪ್ಪಂದ ಮಾಡಿಕೊಂಡವು ಎಂಬುದು ಮಂಡಳಿಯ ತೀರ್ಮಾನ. ಇದು ಕಂಪನಿಗಳ ಮೇಲೆ ಬಂದ ಆದೇಶ, ಯಾವುದೇ ಒಬ್ಬ ಅಧಿಕಾರಿಯ ಮೇಲಲ್ಲ.

ಲಗಾರ್ಡೇರ್‌ನಲ್ಲಿ ಅವರ ಕೆಲಸವೇನಿತ್ತು?

2006ರಲ್ಲಿ ಅವರು ಲಗಾರ್ಡೇರ್ ಸಮೂಹದ ಮಾಧ್ಯಮ ವಿಭಾಗದ ಮುಖ್ಯಸ್ಥರಾದರು. ಎಲ್, ಪಾರಿ ಮ್ಯಾಚ್ ಮುಂತಾದ ನಿಯತಕಾಲಿಕಗಳು, ಯೂರೋಪ್ 1 ರೇಡಿಯೊ, ಭಾನುವಾರದ ಒಂದು ಪತ್ರಿಕೆ, ಟಿವಿ ಚಾನೆಲ್‌ಗಳು ಇವೆಲ್ಲ ಅದರ ವ್ಯಾಪ್ತಿಯಲ್ಲಿದ್ದವು. ಜಾಹೀರಾತು ಕಾಗದದಿಂದ ಅಂತರಜಾಲಕ್ಕೆ ಹರಿದುಹೋಗುತ್ತಿದ್ದ ದಿನಗಳವು. 2011ರಲ್ಲಿ ಸಮೂಹವು ತನ್ನ ವಿದೇಶಿ ನಿಯತಕಾಲಿಕಗಳಲ್ಲಿ ಸುಮಾರು 100 ಶೀರ್ಷಿಕೆಗಳನ್ನು ಅಮೆರಿಕದ ಹರ್ಸ್ಟ್ ಸಂಸ್ಥೆಗೆ 65.1 ಕೋಟಿ ಯೂರೊಗೆ ಮಾರಿತು. ಅದೇ ವರ್ಷದ ಕೊನೆಯಲ್ಲಿ ಕಿಯೊ ಅವರ ಸ್ಥಾನಕ್ಕೆ ಡೆನಿ ಒಲಿವೆನ್ ಬಂದರು.

ಎಲ್‌ಎಫ್‌ಪಿ ಎಂದರೇನು? ಅದರಲ್ಲಿ ಕಾರ್ಯನಿರ್ವಾಹಕ ಮಹಾನಿರ್ದೇಶಕರ ಸ್ಥಾನ ಎಂಥದ್ದು?

ಎಲ್‌ಎಫ್‌ಪಿ ಫ್ರಾನ್ಸಿನ ಲೀಗ್ 1 ಮತ್ತು ಲೀಗ್ 2 ಟೂರ್ನಿಗಳನ್ನು ನಡೆಸುವ ಸಂಸ್ಥೆ. ಕಾನೂನಿನ ದೃಷ್ಟಿಯಲ್ಲಿ ಅದೊಂದು ಲಾಭರಹಿತ ಸಂಘ. ಫ್ರೆಂಚ್ ಫುಟ್‌ಬಾಲ್ ಫೆಡರೇಷನ್ ಕೊಟ್ಟ ಅಧಿಕಾರದ ಮೇಲೆ ಅದು ಕೆಲಸ ಮಾಡುತ್ತದೆ. ಕ್ಲಬ್‌ಗಳ ಪರವಾಗಿ ಟಿವಿ ಹಕ್ಕುಗಳನ್ನು ಒಟ್ಟಾಗಿ ಮಾರುವುದು, ಬಂದ ಹಣವನ್ನು ಹಂಚುವುದು, ಕ್ಲಬ್‌ಗಳ ಲೆಕ್ಕಪತ್ರದ ಮೇಲೆ ಕಣ್ಣಿಡುವುದು ಅದರ ಅತಿಮುಖ್ಯ ಜವಾಬ್ದಾರಿಗಳು.

ಅದಕ್ಕೆ ಚುನಾಯಿತ ಅಧ್ಯಕ್ಷರಿರುತ್ತಾರೆ, ಆಡಳಿತ ಮಂಡಳಿಯಿರುತ್ತದೆ. ಆ ಮಂಡಳಿಯಲ್ಲಿ ಕ್ಲಬ್ ಮಾಲೀಕರದ್ದೇ ಜೋರು. ಮಹಾನಿರ್ದೇಶಕರು ಸಂಬಳ ಪಡೆಯುವ ಅಧಿಕಾರಿ. 2002ರಿಂದ ಅಧ್ಯಕ್ಷರಾಗಿದ್ದ ಫ್ರೆಡೆರಿಕ್ ತಿರಿಯೆ 2016ರ ಏಪ್ರಿಲ್‌ನಲ್ಲಿ ರಾಜೀನಾಮೆ ಕೊಟ್ಟರು. ಆ ವರ್ಷದ ನವೆಂಬರ್‌ನಲ್ಲಿ ನತಾಲಿ ಬೊಯ್ ದ ಲಾ ತೂರ್ ಅಧ್ಯಕ್ಷರಾದರು; ಆ ಸ್ಥಾನಕ್ಕೇರಿದ ಮೊದಲ ಮಹಿಳೆ ಅವರು. ಹೊಸ ವ್ಯವಸ್ಥೆಯಲ್ಲಿ ದಿನನಿತ್ಯದ ಆಡಳಿತ ಮತ್ತು ವ್ಯಾಪಾರದ ಹೊಣೆ ಬಹುಮಟ್ಟಿಗೆ ಕಿಯೊ ಅವರ ಮೇಲಿತ್ತು.

ಫುಟ್‌ಬಾಲ್ ಆಡದ, ಕ್ಲಬ್ ನಡೆಸದ ಒಬ್ಬರನ್ನು ಏಕೆ ಕರೆತಂದರು?

2016ರ ಹೊತ್ತಿಗೆ ಲೀಗಿನೊಳಗೆ ಬಿರುಕು ಬಿಟ್ಟಿತ್ತು. ಲೀಗ್ 1ರ ಕ್ಲಬ್‌ಗಳಿಗೂ ಲೀಗ್ 2ರ ಕ್ಲಬ್‌ಗಳಿಗೂ ಹಣ ಹಂಚಿಕೆಯಲ್ಲಿ, ಬಡ್ತಿ ಮತ್ತು ಹಿಂಬಡ್ತಿ ನಿಯಮಗಳಲ್ಲಿ ಜಗಳವಿತ್ತು. ದೊಡ್ಡ ಕ್ಲಬ್‌ಗಳು ತಮ್ಮದೇ ಪ್ರತ್ಯೇಕ ಸಂಘ ಕಟ್ಟಿಕೊಂಡಿದ್ದವು. ಅತ್ತ ಇಂಗ್ಲೆಂಡಿನಲ್ಲಿ ಟಿವಿ ಹಕ್ಕುಗಳ ಬೆಲೆ ಆಕಾಶ ಮುಟ್ಟಿತ್ತು, ಫ್ರಾನ್ಸ್ ಬಹಳ ಹಿಂದೆ ಬಿದ್ದಿತ್ತು. ಲೀಗನ್ನು ಒಂದು ಕಂಪನಿಯಂತೆ ನಡೆಸುವ, ಚಂದಾ ವ್ಯವಹಾರ ಬಲ್ಲ, ಖರೀದಿದಾರರ ಕಡೆಯ ಲೆಕ್ಕಾಚಾರ ತಿಳಿದ ವ್ಯಕ್ತಿ ಬೇಕೆನ್ನುವುದು ಸಹಜವಾಗಿತ್ತು. ಟೆಲಿಕಾಂ ಮತ್ತು ಮಾಧ್ಯಮ ಎರಡನ್ನೂ ನಡೆಸಿದ್ದ ಕಿಯೊ ಆ ಅಳತೆಗೆ ಸರಿಯಾಗಿ ಹೊಂದಿದರು. ಆ ಆಯ್ಕೆಯಲ್ಲಿ ತಪ್ಪಿತ್ತು ಎಂದು ನನಗೆ ಈಗಲೂ ಅನಿಸುವುದಿಲ್ಲ.

ಟಿವಿ ಹಕ್ಕು ಬಿಟ್ಟು ಅವರ ಅವಧಿಯಲ್ಲಿ ಬೇರೇನು ನಡೆಯಿತು?

ಲೀಗಿನ ಹೆಸರಿನ ಪ್ರಾಯೋಜಕತ್ವ ಮರಳಿ ಬಂತು. 2017ರಿಂದ ಪೀಠೋಪಕರಣ ಮಾರುವ ಕಾನ್‌ಫೊರಾಮಾ, 2020ರಿಂದ ಊಟ ತಲುಪಿಸುವ ಊಬರ್ ಈಟ್ಸ್ ಲೀಗ್ 1ರ ಹೆಸರಿಗೆ ಜೊತೆಯಾದವು. 2018–19ರ ಋತುವಿನಲ್ಲಿ ವಿಡಿಯೊ ಸಹಾಯಕ ರೆಫರಿ ವ್ಯವಸ್ಥೆ ಲೀಗ್ 1ಕ್ಕೆ ಬಂತು. ಋತುವಿನ ಆರಂಭದ ಚಾಂಪಿಯನ್ಸ್ ಟ್ರೋಫಿ ಪಂದ್ಯವನ್ನು ಹೊರದೇಶಗಳಲ್ಲಿ ಆಡಿಸಲಾಯಿತು. 2018 ಮತ್ತು 2019ರಲ್ಲಿ ಅದು ನಡೆದದ್ದು ಚೀನಾದ ಶೆನ್‌ಝೆನ್‌ನಲ್ಲಿ. ಇ-ಲೀಗ್ 1 ಎಂಬ ವಿಡಿಯೊ ಗೇಮ್ ಟೂರ್ನಿಯೂ ಆರಂಭವಾಯಿತು. 2017ರ ಆಗಸ್ಟ್‌ನಲ್ಲಿ ಪ್ಯಾರಿಸ್ ಸಾಂ-ಜರ್ಮೇನ್ ಕ್ಲಬ್ 22.2 ಕೋಟಿ ಯೂರೊ ಕೊಟ್ಟು ನೇಮಾರ್ ಅವರನ್ನು ತಂದಿತು. ಅದರಲ್ಲಿ ಲೀಗ್ ಕಚೇರಿಯ ಪಾತ್ರವೇನೂ ಇರಲಿಲ್ಲ, ಆದರೆ ಹಕ್ಕುಗಳನ್ನು ಮಾರಲು ಹೊರಟವರಿಗೆ ಅದಕ್ಕಿಂತ ಒಳ್ಳೆಯ ಶಕುನ ಬೇಕಿರಲಿಲ್ಲ.

ಫ್ರಾನ್ಸಿನಲ್ಲಿ ಟಿವಿ ಹಕ್ಕುಗಳು ಹೇಗೆ ಮಾರಾಟವಾಗುತ್ತವೆ?

1984ರಲ್ಲಿ ಕ್ಯಾನಲ್ ಪ್ಲಸ್ ಎಂಬ ಚಂದಾ ಚಾನೆಲ್ ಶುರುವಾದಾಗಿನಿಂದ ಫ್ರೆಂಚ್ ಫುಟ್‌ಬಾಲ್ ಮತ್ತು ಆ ಚಾನೆಲ್ ಒಂದಕ್ಕೊಂದು ಆಸರೆಯಾಗಿ ಬೆಳೆದವು. ಜನ ಆ ಚಾನೆಲ್ಲಿಗೆ ಚಂದಾ ಕಟ್ಟುತ್ತಿದ್ದುದು ಸಿನಿಮಾ ಮತ್ತು ಫುಟ್‌ಬಾಲ್‌ಗಾಗಿ. ಅದರ ಹಣದಲ್ಲಿ ಕ್ಲಬ್‌ಗಳು ಆಟಗಾರರಿಗೆ ಸಂಬಳ ಕೊಡುತ್ತಿದ್ದವು.

ಲೀಗ್ ತನ್ನ ಪಂದ್ಯಗಳನ್ನು ಕಂತೆಗಳಾಗಿ ವಿಂಗಡಿಸಿ ಹರಾಜಿಗಿಡುತ್ತದೆ: ಭಾನುವಾರ ರಾತ್ರಿಯ ದೊಡ್ಡ ಪಂದ್ಯ ಒಂದು ಕಂತೆ, ಶನಿವಾರದ ಪಂದ್ಯಗಳು ಇನ್ನೊಂದು, ಗೋಲುಗಳ ತುಣುಕು ಮತ್ತೊಂದು ಎಂಬಂತೆ. ಕಂತೆಗೊಂದು ಕನಿಷ್ಠ ಬೆಲೆ ಇಟ್ಟುಕೊಳ್ಳಬಹುದು. ಒಪ್ಪಂದದ ಅವಧಿ ನಾಲ್ಕು ವರ್ಷ ಮೀರುವಂತಿರಲಿಲ್ಲ. ಹಕ್ಕುಗಳ ಆದಾಯದಲ್ಲಿ ಶೇಕಡಾ 5ರಷ್ಟು ತೆರಿಗೆಯಾಗಿ ಸಾರ್ವಜನಿಕ ಕ್ರೀಡೆಗೆ ಹೋಗುತ್ತದೆ. ಉಳಿದದ್ದು ಸಮಪಾಲು, ತಂಡದ ಸ್ಥಾನ, ಜನಪ್ರಿಯತೆ ಮುಂತಾದ ಅಳತೆಗೋಲುಗಳ ಮೇಲೆ ಕ್ಲಬ್‌ಗಳಿಗೆ ಹಂಚಿಹೋಗುತ್ತದೆ.

ಬೆಲೆ ಏರಿದ್ದು ಹೀಗೆ: 2004ರಲ್ಲಿ ಕ್ಯಾನಲ್ ಪ್ಲಸ್ ವರ್ಷಕ್ಕೆ 60 ಕೋಟಿ ಯೂರೊ ಕೊಟ್ಟು ಎಲ್ಲ ಪಂದ್ಯಗಳನ್ನೂ ತನ್ನದಾಗಿಸಿಕೊಂಡಿತು. 2008ರಲ್ಲಿ ಆರೆಂಜ್ ಸೇರಿ ಒಟ್ಟು 66.8 ಕೋಟಿ. 2012ರಿಂದ ಕತಾರ್ ಬೆಂಬಲದ ಕ್ರೀಡಾ ಚಾನೆಲ್ ಬಿಇನ್ ಸ್ಪೋರ್ಟ್ಸ್ ಕಣದಲ್ಲಿತ್ತು. 2016ರಿಂದ 2020ರ ಅವಧಿಗೆ ಎರಡೂ ದರ್ಜೆ ಸೇರಿ 74.85 ಕೋಟಿ. ಸ್ಪರ್ಧಿ ಬಂದಾಗ ಬೆಲೆ ಏರುತ್ತದೆ, ಸ್ಪರ್ಧಿ ಹೋದಾಗ ಕ್ಯಾನಲ್ ಪ್ಲಸ್ ಒಂದೇ ಉಳಿದು ತನಗೆ ಬೇಕಾದ ಬೆಲೆ ಹೇಳುತ್ತದೆ ಎಂಬುದು ಲೀಗಿನವರಿಗೆ ಅನುಭವದಿಂದ ತಿಳಿದಿತ್ತು. ಹೊಸ ಸ್ಪರ್ಧಿಗಾಗಿ ಅವರು ಹಾತೊರೆದದ್ದಕ್ಕೆ ಕಾರಣ ಇದೇ.

2018ರ ಮೇ 29ರಂದು ನಡೆದದ್ದೇನು?

ಬಾರ್ಸಿಲೋನಾ ಮೂಲದ ಮೀಡಿಯಾಪ್ರೊ ಕಂಪನಿ ಹರಾಜಿಗೆ ಬಂತು. ಅದರ ಮುಖ್ಯಸ್ಥ ಜಾವ್ಮೆ ರೌರೆಸ್. ಅದರ ಬಹುಪಾಲು ಷೇರನ್ನು ಚೀನಾದ ಹೂಡಿಕೆ ಸಂಸ್ಥೆಯೊಂದು ಕೊಳ್ಳುವ ಒಪ್ಪಂದ ಅಷ್ಟರಲ್ಲಾಗಲೇ ಆಗಿತ್ತು. ಸ್ಪೇನಿನಲ್ಲಿ ಪಂದ್ಯಗಳನ್ನು ಚಿತ್ರೀಕರಿಸುವುದು, ಹಕ್ಕುಗಳನ್ನು ಕೊಂಡು ಮಾರುವುದು ಅದಕ್ಕೆ ಹಳೆಯ ಕಸುಬು. ಫ್ರಾನ್ಸಿನಲ್ಲಿ ಅದಕ್ಕೆ ಚಾನೆಲ್ ಇರಲಿಲ್ಲ, ಒಬ್ಬನೇ ಒಬ್ಬ ಚಂದಾದಾರನೂ ಇರಲಿಲ್ಲ.

ಆದರೂ ಅದು ವಾರದ ಹತ್ತು ಪಂದ್ಯಗಳಲ್ಲಿ ಎಂಟನ್ನು ಗೆದ್ದಿತು. ಉಳಿದ ಎರಡು ಪಂದ್ಯಗಳ ಕಂತೆ ಬಿಇನ್ ಪಾಲಾಯಿತು. ತುಣುಕುಗಳ ಹಕ್ಕು ಫ್ರೀ ಕಂಪನಿಗೆ ಹೋಯಿತು. ಮೂವತ್ತಕ್ಕೂ ಹೆಚ್ಚು ವರ್ಷ ಜೊತೆಗಿದ್ದ ಕ್ಯಾನಲ್ ಪ್ಲಸ್ ಬರಿಗೈಯಲ್ಲಿ ಹೊರನಡೆಯಿತು. 2020ರಿಂದ 2024ರ ಅವಧಿಗೆ ಲೀಗ್ 1ರ ಹಕ್ಕುಗಳ ಒಟ್ಟು ಮೌಲ್ಯ ವರ್ಷಕ್ಕೆ 115.3 ಕೋಟಿ ಯೂರೊ ಎಂದು ಘೋಷಣೆಯಾಯಿತು. ಹಿಂದಿನ ಒಪ್ಪಂದಕ್ಕೆ ಹೋಲಿಸಿದರೆ ಇದು ಸುಮಾರು ಶೇಕಡಾ 60ರಷ್ಟು ಏರಿಕೆ. ಕ್ಲಬ್ ಮಾಲೀಕರ ಸಂತೋಷಕ್ಕೆ ಪಾರವೇ ಇರಲಿಲ್ಲ, ಹಣ ಬರುವ ಎರಡು ವರ್ಷ ಮೊದಲೇ ಅದನ್ನು ನಂಬಿ ಆಟಗಾರರ ಒಪ್ಪಂದಗಳಿಗೆ ಸಹಿ ಹಾಕಿದವರೂ ಇದ್ದರು.

ಅಪಾಯದ ಸುಳಿವು ಮೊದಲೇ ಇರಲಿಲ್ಲವೇ?

ಇತ್ತು, ಅದೂ ತೀರಾ ಹತ್ತಿರದಲ್ಲಿ. ಇದೇ ಮೀಡಿಯಾಪ್ರೊ 2018ರ ಫೆಬ್ರುವರಿಯಲ್ಲಿ ಇಟಲಿಯ ಸೀರಿ ಎ ಹಕ್ಕುಗಳನ್ನು ವರ್ಷಕ್ಕೆ 100 ಕೋಟಿ ಯೂರೊಗೂ ಮಿಕ್ಕಿದ ಬೆಲೆಗೆ ಗೆದ್ದಿತ್ತು. ಇಟಲಿಯವರು ಬ್ಯಾಂಕ್ ಗ್ಯಾರಂಟಿ ಕೇಳಿದರು, ಕಂಪನಿ ಕೊಡಲಿಲ್ಲ. ಮೇ 28ರಂದು ಇಟಲಿಯ ಕ್ಲಬ್‌ಗಳು ಒಪ್ಪಂದವನ್ನು ರದ್ದುಪಡಿಸಲು ಮತ ಹಾಕಿದವು. ಫ್ರಾನ್ಸಿನ ಹರಾಜು ನಡೆದದ್ದು ಅದರ ಮರುದಿನ.

ನಮ್ಮಲ್ಲಿ ಸರ್ಕಾರದ ಒಂದು ಸಾಧಾರಣ ರಸ್ತೆ ಕಾಮಗಾರಿಯ ಟೆಂಡರ್ ಹಿಡಿಯುವ ಗುತ್ತಿಗೆದಾರನಿಂದಲೂ ಬ್ಯಾಂಕ್ ಗ್ಯಾರಂಟಿ ಕೇಳುತ್ತಾರೆ. ಫ್ರೆಂಚ್ ಲೀಗ್ ಅದನ್ನು ಕಡ್ಡಾಯ ಮಾಡಲಿಲ್ಲ. ಮೀಡಿಯಾಪ್ರೊದ ಮಾತೃ ಕಂಪನಿ ಕೊಟ್ಟ ಜಾಮೀನನ್ನು ಒಪ್ಪಿಕೊಂಡಿತು. ಮಗಳು ಕಂಪನಿ ಕಟ್ಟದಿದ್ದರೆ ತಾಯಿ ಕಂಪನಿ ಕಟ್ಟುತ್ತದೆ ಎಂಬ ಭರವಸೆ ಅದು. ಆದರೆ ಇಬ್ಬರ ಸಂಕಷ್ಟವೂ ಒಂದೇ ಕಾಲಕ್ಕೆ ಬಂದರೆ ಆ ಭರವಸೆ ಕಾಗದದಲ್ಲೇ ಉಳಿಯುತ್ತದೆ. ಬ್ಯಾಂಕ್ ಗ್ಯಾರಂಟಿಯಲ್ಲಿ ಮೂರನೆಯವನೊಬ್ಬ, ಅಂದರೆ ಬ್ಯಾಂಕು, ತನ್ನ ದುಡ್ಡನ್ನು ಒತ್ತೆಯಿಟ್ಟಿರುತ್ತದೆ. ಈ ವ್ಯತ್ಯಾಸವೇ ಮುಂದಿನ ಕಥೆಯನ್ನೆಲ್ಲ ನಿರ್ಧರಿಸಿತು.

ಲೀಗಿನ ಪರ ಹೇಳಬಹುದಾದ ಮಾತೂ ಇದೆ. ಅದುವರೆಗಿನ ಪ್ರಸಾರಕರೊಂದಿಗೆ ಬ್ಯಾಂಕ್ ಗ್ಯಾರಂಟಿ ಇಲ್ಲದೆಯೇ ವ್ಯವಹಾರ ನಡೆದಿತ್ತು. ಗ್ಯಾರಂಟಿ ಕಡ್ಡಾಯ ಮಾಡಿದರೆ ಖರೀದಿದಾರ ಅದರ ವೆಚ್ಚವನ್ನು ಬೆಲೆಯಲ್ಲಿ ಕಡಿಮೆ ಮಾಡುತ್ತಾನೆ, ಅಥವಾ ಹರಾಜಿಗೇ ಬರುವುದಿಲ್ಲ. ದಶಕಗಳಿಂದ ಅದೇ ಊರಿನಲ್ಲಿ ವ್ಯಾಪಾರ ಮಾಡಿಕೊಂಡು ಬಂದ ಪ್ರಸಾರಕನಿಗೆ ಇದು ಸರಿಯಾದ ವಾದ. ನಿನ್ನೆಯಷ್ಟೇ ಇಟಲಿಯಲ್ಲಿ ಗ್ಯಾರಂಟಿ ಕೊಡಲಾಗದೆ ಹೊರಬಿದ್ದ ಹೊಸಬನಿಗೆ ಅದೇ ವಾದವನ್ನು ಅನ್ವಯಿಸಿದ್ದು ನನ್ನ ದೃಷ್ಟಿಯಲ್ಲಿ ಗಂಭೀರ ಲೋಪ.

ಆ ನಿರ್ಧಾರ ಕಿಯೊ ಒಬ್ಬರದೇ?

ಅಲ್ಲ. ಹರಾಜಿನ ವಿನ್ಯಾಸ, ಸಿದ್ಧತೆ, ಮಾತುಕತೆ ಇವೆಲ್ಲ ಅವರ ನೇತೃತ್ವದಲ್ಲಿ ನಡೆದವು ಎಂಬುದು ನಿಜ. ಆದರೆ ಹಕ್ಕುಗಳನ್ನು ಕೊಡುವ ಅಂತಿಮ ಅಧಿಕಾರ ಆಡಳಿತ ಮಂಡಳಿಯದ್ದು, ಆ ಮಂಡಳಿಯಲ್ಲಿ ಕ್ಲಬ್‌ಗಳ ಅಧ್ಯಕ್ಷರಿದ್ದರು. ಹೆಚ್ಚಿನ ಬೆಲೆಗೆ ಒತ್ತಾಯಿಸಿದವರೂ ಅವರೇ, ಗೆದ್ದ ದಿನ ಚಪ್ಪಾಳೆ ತಟ್ಟಿದವರೂ ಅವರೇ. ಒಪ್ಪಂದ ಕುಸಿದ ಮೇಲೆ ಹಲವರು ಮೊದಲೇ ಅನುಮಾನವಿತ್ತು ಎಂದರು. ಆ ಅನುಮಾನ 2018ರಲ್ಲಿ ಮತವಾಗಿ ದಾಖಲಾಗಿದ್ದರೆ ಅದಕ್ಕೊಂದು ಬೆಲೆ ಇರುತ್ತಿತ್ತು.

ಮೀಡಿಯಾಪ್ರೊದ ಲೆಕ್ಕ ಎಲ್ಲಿ ತಪ್ಪಿತು?

ಇಲ್ಲಿ ಕೂಡಿ ಕಳೆಯುವುದು ಕಷ್ಟವೇನಲ್ಲ. ಕಂಪನಿ ಲೀಗ್‌ಗೆ ವರ್ಷಕ್ಕೆ ಸುಮಾರು 80 ಕೋಟಿ ಯೂರೊ ಕೊಡಬೇಕಿತ್ತು. 2020ರ ಆಗಸ್ಟ್‌ನಲ್ಲಿ ತೆರೆದ ‘ಟೆಲೆಫೂಟ್’ ಎಂಬ ಅದರ ಚಾನೆಲ್ಲಿನ ಚಂದಾ ತಿಂಗಳಿಗೆ 25.90 ಯೂರೊ, ಅಂದರೆ ವರ್ಷಕ್ಕೆ ಸುಮಾರು 311 ಯೂರೊ. ತೆರಿಗೆ ಇಲ್ಲ, ಮಧ್ಯವರ್ತಿಗಳ ಪಾಲಿಲ್ಲ, ಕಾರ್ಯಕ್ರಮ ತಯಾರಿಕೆಯ ಖರ್ಚಿಲ್ಲ ಎಂದುಕೊಂಡರೂ ಹಕ್ಕಿನ ಹಣ ಹುಟ್ಟಲು ಸುಮಾರು 26 ಲಕ್ಷ ಚಂದಾದಾರರು ಬೇಕು. ಈ ಎಲ್ಲ ವೆಚ್ಚಗಳೂ ಇರುವುದರಿಂದ ಕಂಪನಿ ತಾನೇ ಹೇಳಿಕೊಂಡ ಗುರಿ 35 ಲಕ್ಷ. ಹೊಸ ಚಾನೆಲ್ಲೊಂದು ಮೊದಲ ವರ್ಷಗಳಲ್ಲಿ ಆ ಮಟ್ಟ ಮುಟ್ಟುವುದು ಬಹಳ ದೂರದ ಮಾತು.

ಟೆಲಿಕಾಂ ಬಲ್ಲವರಿಗೆ ಇದರ ಇನ್ನೊಂದು ಮುಖ ಕಾಣುತ್ತದೆ. ಫ್ರಾನ್ಸಿನಲ್ಲಿ ಬಹುತೇಕ ಮನೆಗಳಿಗೆ ಟಿವಿ ತಲುಪುವುದು ಇಂಟರ್ನೆಟ್ ಕಂಪನಿಗಳ ಪೆಟ್ಟಿಗೆಯ ಮೂಲಕ. ಅಂದರೆ ಚಾನೆಲ್ಲಿನವನು ಆರೆಂಜ್, ಎಸ್‌ಎಫ್‌ಆರ್, ಬೂಯಿಗ್, ಫ್ರೀ ಈ ನಾಲ್ವರ ಬಾಗಿಲಲ್ಲಿ ನಿಲ್ಲಲೇಬೇಕು. ಟೆಲೆಫೂಟ್ ಒಂದೊಂದಾಗಿ ಅವರೆಲ್ಲರೊಂದಿಗೆ ಒಪ್ಪಂದ ಮಾಡಿಕೊಂಡಿತು, ಆದರೆ ಋತುವಿನ ಹೊಸ್ತಿಲಲ್ಲಿ, ತಡವಾಗಿ. ಫುಟ್‌ಬಾಲ್‌ಗಾಗಿ ದುಡ್ಡು ಕೊಡುವ ಅಭ್ಯಾಸವಿರುವ ಮನೆಗಳನ್ನೆಲ್ಲ ಹಿಡಿದಿಟ್ಟುಕೊಂಡಿದ್ದ ಕ್ಯಾನಲ್ ಪ್ಲಸ್ ಅದನ್ನು ತನ್ನ ಕಂತೆಯಲ್ಲಿ ಸೇರಿಸಿಕೊಳ್ಳಲಿಲ್ಲ. ಅಷ್ಟೇ ಅಲ್ಲ, ಬಿಇನ್ ಗೆದ್ದಿದ್ದ ಎರಡು ಪಂದ್ಯಗಳನ್ನು ವರ್ಷಕ್ಕೆ 33.2 ಕೋಟಿ ಯೂರೊಗೆ ತಾನೇ ಪಡೆದುಕೊಂಡು ಕಣಕ್ಕೆ ಮರಳಿತು. ಪೂರ್ತಿ ಲೀಗ್ ನೋಡಬೇಕೆಂದರೆ ಅಭಿಮಾನಿ ಎರಡು ಕಡೆ ಚಂದಾ ಕಟ್ಟಬೇಕಾಯಿತು.

ಕೋವಿಡ್ ಕಾರಣವಲ್ಲವೇ?

ಒಂದು ಕಾರಣ ಹೌದು. 2020ರ ಏಪ್ರಿಲ್ 28ರಂದು ಪ್ರಧಾನಿ ಎದುವಾರ್ ಫಿಲಿಪ್ 2019–20ರ ಋತು ಮುಂದುವರಿಯುವಂತಿಲ್ಲ ಎಂದು ಸಂಸತ್ತಿನಲ್ಲಿ ಪ್ರಕಟಿಸಿದರು, ಎರಡು ದಿನಗಳ ನಂತರ ಲೀಗ್ ಟೂರ್ನಿಯನ್ನು ಅಲ್ಲಿಗೇ ಮುಗಿಸಿತು. ಜರ್ಮನಿ, ಸ್ಪೇನ್, ಇಟಲಿ, ಇಂಗ್ಲೆಂಡ್ ತಮ್ಮ ಟೂರ್ನಿಗಳನ್ನು ಖಾಲಿ ಕ್ರೀಡಾಂಗಣಗಳಲ್ಲಿ ಆಡಿ ಮುಗಿಸಿದಾಗ ಫ್ರಾನ್ಸ್ ಮಾತ್ರ ಹಿಂದುಳಿಯಿತು. ಪ್ರಸಾರಕರಿಂದ ಬರಬೇಕಿದ್ದ ಹಣದ ಕೊರತೆ ತುಂಬಲು ಲೀಗ್ ಸರ್ಕಾರದ ಖಾತರಿಯೊಂದಿಗೆ 22.45 ಕೋಟಿ ಯೂರೊ ಸಾಲ ಎತ್ತಿತು. ಪಂದ್ಯ ತೋರಿಸಲು ಚಂದಾ ಕಟ್ಟುವ ಹೋಟೆಲು, ಬಾರುಗಳು ಮುಚ್ಚಿದ್ದರಿಂದ ಟೆಲೆಫೂಟ್‌ಗೂ ನಷ್ಟವಾಯಿತು. ಆದರೆ ಕೋವಿಡ್ ಬಾರದೇ ಇದ್ದಿದ್ದರೂ ಮೇಲಿನ ಲೆಕ್ಕ ಸರಿಹೋಗುತ್ತಿರಲಿಲ್ಲ.

ಅವರು ಲೀಗ್ ಬಿಟ್ಟದ್ದು ಯಾವಾಗ? ಒಪ್ಪಂದ ಕುಸಿದದ್ದು ಆಮೇಲೆಯೇ?

2020ರ ಸೆಪ್ಟೆಂಬರ್ 10ರಂದು ವಿನ್ಸೆಂಟ್ ಲಾಬ್ರುನ್ ಲೀಗಿನ ಅಧ್ಯಕ್ಷರಾಗಿ ಆಯ್ಕೆಯಾದರು. ಹೊಸ ಅಧ್ಯಕ್ಷರ ಕೈಗೆ ಹೆಚ್ಚು ಅಧಿಕಾರ ಬಂತು, ಕಿಯೊ ಹೊರನಡೆದರು. ಆಗಸ್ಟ್ ಕಂತನ್ನು ಕಟ್ಟಿದ್ದ ಮೀಡಿಯಾಪ್ರೊ ಅಕ್ಟೋಬರ್ 5ರಂದು ಬರಬೇಕಿದ್ದ 17.2 ಕೋಟಿ ಯೂರೊ ಕಂತನ್ನು ಕಟ್ಟಲಿಲ್ಲ. ಬೆಲೆಯನ್ನೇ ಮತ್ತೆ ಚರ್ಚಿಸೋಣ ಎಂದಿತು. ನಾಂತೇರ್‌ನ ವಾಣಿಜ್ಯ ನ್ಯಾಯಾಲಯದ ರಕ್ಷಣೆಗೆ ಹೋಯಿತು. ಡಿಸೆಂಬರ್‌ನಲ್ಲಿ ರಾಜಿಯಾಗಿ, ಕಂಪನಿ 10 ಕೋಟಿ ಯೂರೊ ಕೊಟ್ಟು ಹಕ್ಕುಗಳನ್ನು ಹಿಂದಿರುಗಿಸಲು ಒಪ್ಪಿತು. 2021ರ ಫೆಬ್ರುವರಿಯಲ್ಲಿ ಉಳಿದ ಋತುವಿನ ಪಂದ್ಯಗಳು ಅಗ್ಗದ ಬೆಲೆಗೆ ಕ್ಯಾನಲ್ ಪ್ಲಸ್‌ಗೆ ಮರಳಿದವು. ಹೀಗೆ ಒಪ್ಪಂದಕ್ಕೆ ಸಹಿ ಹಾಕಿಸಿದವರು ಒಬ್ಬರಾದರೆ ಅದರ ಅವಶೇಷವನ್ನು ಗುಡಿಸಿದವರು ಇನ್ನೊಬ್ಬರಾದರು.

ಕ್ಲಬ್‌ಗಳ ಗತಿ ಏನಾಯಿತು?

2021ರ ಜೂನ್‌ನಲ್ಲಿ ಮೀಡಿಯಾಪ್ರೊ ಬಿಟ್ಟುಹೋದ ಎಂಟು ಪಂದ್ಯಗಳು ಅಮೆಜಾನ್‌ಗೆ ವರ್ಷಕ್ಕೆ ಕೇವಲ 25 ಕೋಟಿ ಯೂರೊಗೆ ಹೋದವು. ಎರಡು ಪಂದ್ಯಗಳಿಗೆ 33.2 ಕೋಟಿ ಕೊಡಬೇಕಿದ್ದ ಕ್ಯಾನಲ್ ಪ್ಲಸ್ ಇದನ್ನು ಅನ್ಯಾಯವೆಂದು ಪ್ರತಿಭಟಿಸಿ ನ್ಯಾಯಾಲಯದ ಮೆಟ್ಟಿಲೇರಿತು. ಮೂವತ್ತು ವರ್ಷಗಳ ಸಂಬಂಧ ದ್ವೇಷಕ್ಕೆ ತಿರುಗಿತು.

ಸಂಬಳದ ಒಪ್ಪಂದಗಳು ದೊಡ್ಡ ಆದಾಯವನ್ನು ನೆಚ್ಚಿ ಆಗಿದ್ದವು; ಆದಾಯ ಮಾಯವಾಯಿತು, ಸಂಬಳ ಉಳಿಯಿತು. 2021ರ ಏಪ್ರಿಲ್‌ನಲ್ಲಿ ಬೋರ್ಡೊ ಕ್ಲಬ್ಬಿನ ಅಮೆರಿಕನ್ ಮಾಲೀಕ ಸಂಸ್ಥೆ ಇನ್ನು ಹಣ ಹಾಕುವುದಿಲ್ಲ ಎಂದು ಕೈತೊಳೆದುಕೊಂಡಿತು. ಆರು ಬಾರಿ ಫ್ರಾನ್ಸಿನ ಚಾಂಪಿಯನ್ ಆಗಿದ್ದ ಆ ಕ್ಲಬ್ 2024ರಲ್ಲಿ ವೃತ್ತಿಪರ ಸ್ಥಾನಮಾನವನ್ನೇ ಕಳೆದುಕೊಂಡಿತು. ಅದಕ್ಕೆ ಅದರದೇ ಆದ ಆಡಳಿತ ದೋಷಗಳೂ ಕಾರಣ, ಆದರೆ ಟಿವಿ ಹಣದ ಕುಸಿತವನ್ನು ಬಿಟ್ಟು ಆ ಕಥೆ ಹೇಳಲಾಗದು. 2022ರಲ್ಲಿ ಲೀಗ್ ತನ್ನ ವಾಣಿಜ್ಯ ಕಂಪನಿಯ ಸುಮಾರು ಶೇಕಡಾ 13ರಷ್ಟು ಪಾಲನ್ನು ಸಿವಿಸಿ ಎಂಬ ಹೂಡಿಕೆ ಸಂಸ್ಥೆಗೆ 150 ಕೋಟಿ ಯೂರೊಗೆ ಮಾರಿತು. ಆ ಪಾಲಿಗೆ ಕಾಲಮಿತಿಯಿಲ್ಲ. ಇಂದಿನ ಕೊರತೆ ತುಂಬಲು ನಾಳೆಯ ಆದಾಯದ ಒಂದು ಭಾಗವನ್ನು ಎಂದೆಂದಿಗೂ ಬಿಟ್ಟುಕೊಟ್ಟಂತಾಯಿತು. ಫ್ರಾನ್ಸಿನ ಸೆನೆಟ್ 2024ರ ತನ್ನ ವರದಿಯಲ್ಲಿ ಈ ವ್ಯವಹಾರವನ್ನು ಕಟುವಾಗಿ ಟೀಕಿಸಿತು.

ಕರ್ನಾಟಕದ ಓದುಗರಿಗೆ ಇದರಲ್ಲಿ ಏನಿದೆ?

ನಮ್ಮ ಬೆಂಗಳೂರು ಎಫ್‌ಸಿ ಇದೇ ಬಗೆಯ ಆಘಾತವನ್ನು ಬೇರೊಂದು ದಾರಿಯಿಂದ ಅನುಭವಿಸಿದೆ. ಭಾರತೀಯ ಫುಟ್‌ಬಾಲ್ ಫೆಡರೇಷನ್ ಮತ್ತು ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ನಡೆಸುತ್ತಿದ್ದ ವಾಣಿಜ್ಯ ಸಂಸ್ಥೆಯ ನಡುವಿನ ಹದಿನೈದು ವರ್ಷಗಳ ಒಪ್ಪಂದದ ನವೀಕರಣ ಅನಿಶ್ಚಿತವಾದಾಗ, 2025ರ ಜುಲೈನಲ್ಲಿ ಟೂರ್ನಿಯನ್ನೇ ತಡೆಹಿಡಿಯಲಾಯಿತು. ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ತನ್ನ ಮೊದಲ ತಂಡದ ಆಟಗಾರರು ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಅವಧಿಗೆ ನಿಲ್ಲಿಸುವುದಾಗಿ ಪ್ರಕಟಿಸಿತು. ಅಲ್ಲಿ ಕಂತು ಬರಲಿಲ್ಲ, ಇಲ್ಲಿ ಟೂರ್ನಿಯೇ ನಿಂತಿತು. ಎರಡೂ ಕಡೆ ಕೇಂದ್ರದ ಒಂದೇ ಒಪ್ಪಂದಕ್ಕೆ ಎಲ್ಲ ಕ್ಲಬ್‌ಗಳ ಅನ್ನ ಕಟ್ಟಿಬಿದ್ದಿತ್ತು.

ಇಷ್ಟಕ್ಕೂ ಕಿಯೊ ಅವರನ್ನು ಹೇಗೆ ಅಳೆಯಬೇಕು?

ಟೆಲಿಕಾಂ ಮಾರುಕಟ್ಟೆಯಲ್ಲಿ ಬೆಳೆದ ಅಧಿಕಾರಿ ಸ್ಪರ್ಧೆಯ ಬಲವನ್ನು ಚೆನ್ನಾಗಿ ಬಲ್ಲರು. ಒಬ್ಬನೇ ಖರೀದಿದಾರನ ಕೈಯಿಂದ ಲೀಗನ್ನು ಬಿಡಿಸಿ ಹಲವರನ್ನು ಹರಾಜಿಗೆ ತಂದದ್ದು ಕಿಯೊ ಅವರ ನಿಜವಾದ ಸಾಮರ್ಥ್ಯ, ಅದನ್ನು ಅಲ್ಲಗಳೆಯಲಾಗದು. ಆದರೆ ಮೊಬೈಲ್ ಕಂಪನಿ ಫುಟ್‌ಬಾಲ್ ಕೊಳ್ಳುವಾಗ ಅದಕ್ಕೆ ಈಗಾಗಲೇ ತಿಂಗಳ ಬಿಲ್ ಕಟ್ಟುವ ಲಕ್ಷಾಂತರ ಗ್ರಾಹಕರಿರುತ್ತಾರೆ, ಫುಟ್‌ಬಾಲ್‌ನಲ್ಲಿ ನಷ್ಟವಾದರೂ ಬಿಲ್‌ನಲ್ಲಿ ಸರಿದೂಗಿಸುತ್ತದೆ. ಮೀಡಿಯಾಪ್ರೊಗೆ ಅಂಥ ಯಾವ ನೆಲೆಯೂ ಇರಲಿಲ್ಲ. ಈ ಭೇದವನ್ನು ಆ ಮೇಜಿನ ಸುತ್ತ ಕುಳಿತಿದ್ದ ಎಲ್ಲರಿಗಿಂತ ಚೆನ್ನಾಗಿ ಗ್ರಹಿಸಬಲ್ಲವರು ಆರೆಂಜ್ ನಡೆಸಿದ್ದ ಕಿಯೊ ಅವರೇ ಆಗಿದ್ದರು ಎಂಬುದು ನನ್ನನ್ನು ಹೆಚ್ಚು ಕಾಡುವ ಸಂಗತಿ. ಅವರ ಮೇಲೆ ಮಾತ್ರ ದೋಷ ಹೊರಿಸುವುದು ಅನ್ಯಾಯ. ಅವರ ಅನುಭವಕ್ಕೆ ತಕ್ಕ ಪ್ರಶ್ನೆಯನ್ನು ಅವರಿಗೆ ಕೇಳದಿರುವುದೂ ಸರಿಯಲ್ಲ.

ಈಗ ಲೀಗ್ 1ರ ಪ್ರಸಾರ ಯಾರ ಕೈಯಲ್ಲಿದೆ?

2024ರಲ್ಲಿ ಲೀಗ್ ಮತ್ತೆ 100 ಕೋಟಿ ಯೂರೊ ಕನಸು ಕಂಡಿತ್ತು. ಸಿಕ್ಕಿದ್ದು ಅಂತರಜಾಲದಲ್ಲಿ ಕ್ರೀಡೆ ತೋರಿಸುವ ಡಿಎಝಡ್ಎನ್ ಕಂಪನಿಯಿಂದ ವರ್ಷಕ್ಕೆ ಸುಮಾರು 40 ಕೋಟಿ, ಜೊತೆಗೆ ಒಂದು ಪಂದ್ಯಕ್ಕೆ ಬಿಇನ್ ಕೊಟ್ಟ ಮೊತ್ತ. 2025ರ ಆರಂಭದಲ್ಲಿ ಡಿಎಝಡ್ಎನ್ ಕೂಡ ಒಂದು ಕಂತಿನ ಭಾಗವನ್ನು ತಡೆಹಿಡಿಯಿತು, ಋತುವಿನ ಕೊನೆಗೆ ಒಪ್ಪಂದ ಮುರಿದುಬಿತ್ತು. 2025ರ ಆಗಸ್ಟ್‌ನಲ್ಲಿ ಲೀಗ್ ತಾನೇ ‘ಲೀಗ್ 1 ಪ್ಲಸ್’ ಎಂಬ ಚಾನೆಲ್ ತೆರೆದು ತಿಂಗಳಿಗೆ 14.99 ಯೂರೊ ಚಂದಾದಲ್ಲಿ ವಾರದ ಎಂಟು ಪಂದ್ಯಗಳನ್ನು ತೋರಿಸಲಾರಂಭಿಸಿತು. ಆ ಪಂದ್ಯಗಳಿಗೆ ಮಧ್ಯವರ್ತಿ ಕೊಡುತ್ತಿದ್ದ ನಿಶ್ಚಿತ ಮೊತ್ತ ಈಗಿಲ್ಲ. ಪ್ರತಿ ತಿಂಗಳು ಎಷ್ಟು ಮನೆಗಳು ಚಂದಾ ಕಟ್ಟುತ್ತವೆಯೋ ಬಹುಮಟ್ಟಿಗೆ ಅದರ ಮೇಲೆಯೇ ಕ್ಲಬ್‌ಗಳಿಗೆ ಸಿಗುವ ಹಣ ನಿರ್ಧಾರವಾಗುತ್ತದೆ.